ಕ್ರೊರೈನದ ಒಂಟೆಗೆ ಗಂಟಲು ಕಟ್ಟಿದ್ದು

ಒಂಟೆಯ ದನಿ ತೆಗೆಯುವುದು ಸುಲಭವಲ್ಲ. ನಾಯಿಗೆ ಉಸಿರು ಸಾಕು, ಕೋಳಿಗೆ ಮೂಗು ಸಾಕು, ಹೆಡ್‌ಮಾಸ್ಟರಿಗೆ ಎರಡು ಸಲ ಕೆಮ್ಮಿ "ಏನಪ್ಪಾ ನಿಂದು?" ಅಂದರೆ ಮುಗೀತು. ಒಂಟೆಗೆ ಮಾತ್ರ ನಾಲಗೆಯ ಬುಡದಲ್ಲಿ ಒಂದಿಷ್ಟು ಎಂಜಲು ನಿಲ್ಲಿಸಿಕೊಂಡು, ಗಂಟಲನ್ನು ಒಳಗಿನಿಂದ ಹಿಂಡಿ, ಹೊಟ್ಟೆಯ ಗಾಳಿಯನ್ನೆಲ್ಲ ಆ ಸಂದಿಯಲ್ಲಿ ನುಗ್ಗಿಸಬೇಕು. ಆಗ ತಪಲೆಯಲ್ಲಿ ಮುದ್ದೆ ಹಿಟ್ಟು ಕೊತಕೊತ ಅನ್ನುವ ಥರ ಒಂದು ಸದ್ದು ಏಳುತ್ತೆ. ಅದನ್ನು ನಾನು ದಿನಕ್ಕೆ ನಾಲ್ಕು ಶೋಗಳಲ್ಲಿ ಮಾಡುತ್ತಿದ್ದೆ. ನಿಜವಾದ ಒಂಟೆ ಅಷ್ಟು ಕೂಗಲ್ಲ. ಅದಕ್ಕೆ ಬುದ್ಧಿ ಇದೆ.

ಕೆಲಸ ಇಷ್ಟು. ಒಂದು ವ್ಯಾನು, ಒಂದು ಟೆಂಟು, ಮೂರು ಜನ. ಶಾಲೆಯ ಅಂಗಳದಲ್ಲಿ ಟೆಂಟು ಹಾಕಿ, ಒಳಗೆ ಜಯಮಂಗಲಿ ಹೊಳೆಯಿಂದ ತಂದು ಜರಡಿ ಹಿಡಿದ ಮರಳು ಹರಡಿ, ಅದರ ಮೇಲೆ ಒಂದು ಊರು ಕಟ್ಟುತ್ತಿದ್ದೆವು. ಊರಿನ ಹೆಸರು ಕ್ರೊರೈನ. ಚೀನಾದವರು ಲೌಲಾನ್ ಅಂತಾರೆ. ತಕ್ಲಮಕಾನ್ ಅನ್ನುವ ಮರುಭೂಮಿಯ ಅಂಚಲ್ಲಿ, ಒಂದು ನದಿ ಬಂದು ಸರೋವರ ಸೇರುವ ಜಾಗದಲ್ಲಿ ಇದ್ದ ರಾಜ್ಯ. ರೇಷ್ಮೆ ಹೊತ್ತ ವರ್ತಕರು ಅಲ್ಲಿ ಇಳಿದು, ಒಂಟೆಗೆ ನೀರು ಕುಡಿಸಿ, ತೆರಿಗೆ ಕಟ್ಟಿ, ಮುಂದೆ ಹೋಗುತ್ತಿದ್ದರು. ಸಾವಿರದ ಐನೂರು ವರ್ಷಕ್ಕೂ ಹಿಂದೆ ಅದು ಬರಿದಾಯಿತು. ಮರಳು ಮುಚ್ಚಿಕೊಂಡಿತು.

ಮಣ್ಣಿನ ಗೊಂಬೆಗಳು ಐದು: ರಾಜ, ತೆರಿಗೆ ಅಧಿಕಾರಿ, ಬೌದ್ಧ ಭಿಕ್ಷು, ಕುರಿ ಮೇಯಿಸುವ ಹೆಂಗಸು, ಎರಡು ಡುಬ್ಬದ ಒಂಟೆ. ಮಕ್ಕಳು ಯಾವ ಗೊಂಬೆಗೆ ಬೇಕಾದರೂ ಪ್ರಶ್ನೆ ಕೇಳಬಹುದು. ಗೊಂಬೆ ಉತ್ತರ ಕೊಡುತ್ತೆ. ಅಂದರೆ ಪರದೆ ಹಿಂದೆ ಕೂತ ನಾನು ಕೊಡುತ್ತೇನೆ. ಮಕ್ಕಳು ಏನು ಕೇಳುತ್ತಾರೋ ಗೊತ್ತಿಲ್ಲದ್ದರಿಂದ ರೆಕಾರ್ಡ್ ಮಾಡಿಟ್ಟುಕೊಳ್ಳುವ ಹಾಗಿರಲಿಲ್ಲ. ಐದೂ ಬಾಯಿ ನನ್ನದೇ. ಪಕ್ಕದಲ್ಲಿ ಈ ಶೋ ನಡೆಸುವ ಮೇಡಂ ಕೂತು ಇತಿಹಾಸವನ್ನು ಕಿವಿಗೆ ಊದುತ್ತಿದ್ದರು. ಈ ಊರೆಂದರೆ ಅವರಿಗೆ ಪ್ರಾಣ. ಅಲ್ಲಿ ಮರದ ಹಲಗೆ ಮೇಲೆ ಬರೆದ ಲಿಪಿಯೂ, ನಮ್ಮ ಪಾವಗಡದಿಂದಾಚೆ ಮೊಳಕಾಲ್ಮೂರು ಕಡೆ ಮೌರ್ಯರ ಕಾಲದ ಬಂಡೆ ಮೇಲೆ ಲಿಪಿಕಾರ ಕೊನೇಲಿ ಗೀಚಿದ ಲಿಪಿಯೂ ಒಂದೇ ಅಂತ ಹೇಳುವಾಗ ಅವರ ಕನ್ನಡಕ ಮಂಜಾಗುತ್ತಿತ್ತು. ನಾನು ಅದನ್ನೂ ಮಿಮಿಕ್ರಿ ಮಾಡುತ್ತಿದ್ದೆ. ಕನ್ನಡಕ ಸಮೇತ.

ಮೇಡಂದು ಒಂದೇ ಕಟ್ಟಳೆ. "ಸುಳ್ಳು ಹೇಳಬೇಡ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು."

ಕೊರಟಗೆರೆಯ ಮೊದಲ ಶಾಲೆಯಲ್ಲೇ ಒಬ್ಬಳು ಕೇಳಿದಳು. "ರಾಜರೇ, ನಿಮ್ಮೂರಲ್ಲಿ ಬಿಸಿಯೂಟ ಇತ್ತಾ?"

ನಾನು ರಾಜನಿಗೆ ನಮ್ಮೂರ ಬಸ್ಸಿನ ಕಂಡಕ್ಟರನ ದನಿ ಕೊಟ್ಟಿದ್ದೆ. "ಇತ್ತು ಕಣಮ್ಮ. ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಐತೆ."

ಮೇಡಂ ತೊಡೆ ಜಿಗುಟಿದರು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಒಂಟೆಗೆ ಕೊಟ್ಟ ದನಿ ಮಾತ್ರ ನಮ್ಮ ಡ್ರೈವರದು. ಶಿರಾದವರು. ಎಲ್ಲರಿಗೂ ಚಾಚಾ. ವ್ಯಾನು ಓಡಿಸುವುದು, ಜನರೇಟರು ಎಳೆಯುವುದು, ಟೆಂಟಿನ ಗೂಟ ಹೊಡೆಯುವುದು ಎಲ್ಲ ಅವರೇ. ಹಿಂದೆ ಶಿರಾ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಚಿತ್ರದುರ್ಗ, ದಾವಣಗೆರೆ, ಹುಬ್ಳಿ ಹುಬ್ಳಿ ಹುಬ್ಳೀ!" ಅಂತ ಪ್ಯಾಸೆಂಜರುಗಳನ್ನು ಕೂಗಿ ಕರೆಯುವ ಕೆಲಸದಲ್ಲಿದ್ದರು. ಕೂಗಿ ಕೂಗಿ ಗಂಟಲು ಅಲ್ಲೇ ಎಲ್ಲೋ ಹುಬ್ಳಿ ಬಸ್ ಹತ್ತಿ ಹೊರಟುಹೋಯಿತು. ಉಳಿದಿರುವುದು ತಗಡಿನ ಮೇಲೆ ಮೊಳೆ ಎಳೆದ ಹಾಗೆ ಒಂದು ಗರಗರ. ಒಂಟೆ ಆ ದನಿಯಲ್ಲಿ "ಬೇಟಾ, ಮೊದ್ಲು ನೀರು, ಆಮೇಲೆ ಮಾತು" ಅಂದಿದ್ದೇ ತಡ, ಟೆಂಟು ಕಿತ್ತುಹೋಗುವಷ್ಟು ಚಪ್ಪಾಳೆ.

ಚಾಚಾ ಗೂಟದ ಹತ್ತಿರ ನಿಂತು ಕೇಳಿಸಿಕೊಂಡರು. "ನನ್ ಗಂಟ್ಲು ಪುಕ್ಸಟ್ಟೆ ಸಿಕ್ತಲ್ಲ ನಿಂಗೆ. ಮಜಾ ಮಾಡು," ಅಂದರು. ನಕ್ಕರು. ಆವತ್ತು ವ್ಯಾನಿನಲ್ಲಿ ಎಫ್‌ಎಂ ಸ್ವಲ್ಪ ಜೋರಾಗಿ ಇಟ್ಟಿದ್ದರು ಅನ್ನುವುದು ಈಗ ನೆನಪಾಗುತ್ತೆ.

ಅಮ್ಮನಿಗೂ ಆ ದನಿ ಇಷ್ಟ. ಅಮ್ಮ ಕೊರಟಗೆರೆಯಲ್ಲಿ ಟೈಲರು. ಮಿಷನ್ ತುಳಿಯುತ್ತಲೇ ಫೋನು ಎತ್ತುತ್ತಾಳೆ. ನಾನು ದಿನಾ ಒಂದೊಂದು ದನಿಯಲ್ಲಿ ಮಾತಾಡಬೇಕು, ಅವಳು ಯಾರದ್ದು ಅಂತ ಹೇಳಬೇಕು. ಅದು ನಮ್ಮಿಬ್ಬರ ಆಟ. ಅವಳು ಸೋತದ್ದೇ ಇಲ್ಲ. ಚಾಚಾ ಜೊತೆ ಅವಳು ಒಂದು ಸಲವೂ ಮಾತಾಡಿಲ್ಲ, ಆದರೂ ಮೊದಲ ಸಲಕ್ಕೇ ಹೇಳಿದಳು. "ಯಾರೋ ಬಸ್ ಸ್ಟ್ಯಾಂಡ್ನೋರು. ಪಾಪ, ಬಿಸಿನೀರು ಕುಡಿಯಕ್ಕೇಳು."

ಬಿಸಿನೀರು ನಾನು ಕುಡಿಯಬೇಕಾಗಿತ್ತು.

ಶಿರಾದ ಶಾಲೆಗಳಲ್ಲಿ ಮೊದಲು ರಾಜ ಹೋದ. ಕಂಡಕ್ಟರನ "ರೈಟ್ ರೈಟ್" ಮೇಲಿನ ಸ್ಥಾಯಿಯದು. ಒಂದು ಬೆಳಗ್ಗೆ ಅದು ಅರ್ಧಕ್ಕೆ ಒಡೆಯಿತು. ರಾಜನಿಗೆ ನೆಗಡಿ ಅಂತ ಹೇಳಿ ಸ್ಥಾಯಿ ಇಳಿಸಿದೆ. ಮಾರನೇ ದಿನ ಕುರಿ ಹೆಂಗಸಿನ ದನಿ ಬರಲಿಲ್ಲ. ಅವಳನ್ನು ಮುದುಕಿ ಮಾಡಿದೆ. ಮೆಣಸು ಬೆಲ್ಲ ಜಗಿದೆ, ಉಪ್ಪುನೀರು ಮುಕ್ಕಳಿಸಿದೆ, ಅತಿಮಧುರ ಕಡ್ಡಿ ಕೆನ್ನೆಯಲ್ಲಿಟ್ಟುಕೊಂಡೆ. ಗಂಟಲಲ್ಲಿ ಏನೋ ಕೂತಿದೆ ಅನ್ನಿಸಿ ಪ್ರತಿ ಐದು ನಿಮಿಷಕ್ಕೆ ಖರ್ ಖರ್ ಅಂತ ಕ್ಯಾಕರಿಸುತ್ತಿದ್ದೆ. ಏನೂ ಕೂತಿರಲಿಲ್ಲ. ಆ ಕ್ಯಾಕರಿಕೆಯೇ ಗಾಯವನ್ನು ಕೆರೆದು ಕೆರೆದು ದೊಡ್ಡದು ಮಾಡುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಉಳಿದ ದನಿಗಳು ಕೈಕೊಟ್ಟ ಹಾಗೆಲ್ಲ ನಾನು ಒಂಟೆಗೇ ಹೆಚ್ಚು ಮಾತು ಕೊಟ್ಟೆ. ಗರಗರ ಅನ್ನುವ ದನಿಗೆ ಒಳ್ಳೆ ಗಂಟಲು ಯಾಕೆ ಬೇಕು ಅನ್ನುವುದು ನನ್ನ ತರ್ಕ. ಇದಕ್ಕಿಂತ ದಡ್ಡ ತರ್ಕ ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ. ಕೆಟ್ಟ ದನಿಯನ್ನು ಒಳ್ಳೆ ಗಂಟಲಿಂದ ತೆಗೆಯುವುದು ಎಲ್ಲಕ್ಕಿಂತ ಹಿಂಸೆಯ ಕೆಲಸ.

ಮಿಡಿಗೇಶಿಯಲ್ಲಿ, ಕೋಟೆ ಬೆಟ್ಟ ಕಾಣುವ ಶಾಲೆಯಲ್ಲಿ, ಮೂರನೇ ಶೋ. ಒಂಟೆ ಕೂಗಬೇಕು. ಹಿಂಡಿದೆ. ಒಳಗೆ ಹತ್ತಿ ಬಟ್ಟೆ ಪರ್ ಅಂತ ಹರಿದ ಹಾಗಾಯಿತು. ನೋವೇನೂ ಇಲ್ಲ. ಆಮೇಲೆ ಬರೀ ಗಾಳಿ. ಮಕ್ಕಳು ಒಂಟೆ ತಮಾಷೆ ಮಾಡ್ತಿದೆ ಅಂದುಕೊಂಡು ನಕ್ಕವು. ಒದ್ದಾಡಿ ಏನೋ ಒಂದು ಗರಗರ ಎತ್ತಿ, ಐದೂ ಗೊಂಬೆಗೆ ಅದನ್ನೇ ಹಂಚಿ ಶೋ ಮುಗಿಸಿದೆ.

"ಮೇಡಂ, ದನಿ ಹೋಗಿದೆ," ಅಂದೆ.

ಬಂದದ್ದು ತದ್ವತ್ ಚಾಚಾ ದನಿ.

ಮೇಡಂ ಚಪ್ಪಾಳೆ ತಟ್ಟಿದರು. "ಸೂಪರ್! ಇಷ್ಟು ದಿನಕ್ಕಿಂತ ಇವತ್ತು ಪಕ್ಕಾ. ಕೊನೇಲಿ ಒಂಚೂರು ಕೆಮ್ಮು ಸೇರಿಸು."

"ಇಲ್ಲ ಮೇಡಂ, ನಿಜವಾಗ್ಲೂ."

"ಅದೇ ಅದೇ, ಅದೇ ಕೆಮ್ಮು!"

ಶಾಲೆಯ ಹೆಡ್‌ಮಾಸ್ಟರು ಬಂದರು. ಅವರ ಹತ್ತಿರ ಹೋಗಿ ಹೇಳಿದೆ. ಅವರು ಉಳಿದ ಮೇಷ್ಟ್ರುಗಳನ್ನೆಲ್ಲ ಕರೆದರು. "ಬನ್ರೀ ಬನ್ರೀ, ಈ ಹುಡುಗ ಡ್ರೈವರ್ ಸಾಹೇಬ್ರ ಥರ ಹೆಂಗ್ ಮಾತಾಡ್ತಾನೆ ನೋಡ್ರೀ. ಇನ್ನೊಂದ್ಸಲ ಅನ್ನಪ್ಪ." ಅಮ್ಮನಿಗೆ ಫೋನು ಮಾಡಿ "ಅಮ್ಮ, ಗಂಟ್ಲು ಹೋಯ್ತಮ್ಮ" ಅಂದೆ. "ಬಸ್ ಸ್ಟ್ಯಾಂಡ್ ಚಾಚಾ! ಇದನ್ನ ಆಗ್ಲೇ ಮಾಡಿದ್ದೆ, ಬೇರೇದ್ ಮಾಡು ಕಣ್ಲಾ," ಅಂದು ಮಿಷನ್ ತುಳಿಯತೊಡಗಿದಳು. ಮೇಡಂಗೆ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದೆ. "ಓ, ಈಗ ಮೂಕಾಭಿನಯನಾ?" ಅಂದರು.

ಕಣ್ಣಲ್ಲಿ ನೀರು ಬಂತು. ಅದೂ ನನ್ನ ಹಳೇ ಐಟಮ್ಮು. ಗಂಡನ ಮನೆಗೆ ಹೊರಟ ಮದುಮಗಳು ಅಂತ ಮೊದಲ ವಾರದಲ್ಲೇ ಮಾಡಿ ತೋರಿಸಿದ್ದೆ. ಮೇಡಂ ಅದಕ್ಕೂ ನಕ್ಕರು. ಅವರ ತಪ್ಪಿಲ್ಲ. ನಿಜ ಅಂತ ತೋರಿಸೋಕೆ ಮನುಷ್ಯರ ಹತ್ತಿರ ಏನೇನು ಇರುತ್ತೋ ಅಷ್ಟನ್ನೂ ನಾನು ನಗಿಸೋಕೆ ಖರ್ಚು ಮಾಡಿಬಿಟ್ಟಿದ್ದೆ. ನೂರಾರು ಮಕ್ಕಳಿರುವ ಅಂಗಳದ ನಡುವೆ ನಿಂತು ಕಿರುಚಬೇಕು ಅನ್ನಿಸಿತು. ಕಿರುಚೋಕೂ ದನಿ ಬೇಕಲ್ಲ.

ನಾಲ್ಕನೇ ಶೋ ಮಾಡಿದೆ. ಯಾರೂ ನಂಬದಿದ್ದ ಮೇಲೆ ಇನ್ನೇನು ಮಾಡೋದು. ಅದೊಂದನ್ನು ಮಾಡದಿದ್ದರೆ ಗಾಯ ಇಷ್ಟಾಗುತ್ತಿರಲಿಲ್ಲವಂತೆ.

ಟೆಂಟು ಬಿಚ್ಚುವಾಗ ಚಾಚಾ ವೈರು ಸುತ್ತುತ್ತಾ ಹತ್ತಿರ ಬಂದರು. "ಮೈಕ್ ಸ್ಟ್ಯಾಂಡ್ ಆ ಕಡೆ ಇಡು," ಅಂದರು. "ಆಯ್ತು ಚಾಚಾ," ಅಂದೆ. ವೈರು ಸುತ್ತುವ ಕೈ ನಿಂತಿತು.

"ಇನ್ನೊಂದ್ಸಲ ಹೇಳು."

"ಏನ್ ಚಾಚಾ?"

"ಬಸ್, ಸಾಕು. ಬಾಯಿ ಮುಚ್ಚು." ವೈರನ್ನು ನೆಲಕ್ಕೆ ಹಾಕಿದರು. "ನೀನು ನನ್ ಥರ ಮಾಡ್ತಾ ಇಲ್ಲ ಬೇಟಾ. ನನ್ ಥರ ಆಗ್ತಾ ಇದೀಯಾ."

ಆಮೇಲೆ ಮೇಡಂ ಕಡೆ ತಿರುಗಿ ಕೂಗಲು ನೋಡಿದರು. ಕೂಗಲು ಅವರಿಗೂ ಬರಲ್ಲ. ಟೆಂಟಿನ ಗೂಟವನ್ನು ವ್ಯಾನಿನ ಬಾಗಿಲಿಗೆ ಢಣ್ ಢಣ್ ಅಂತ ಬಡಿದರು. ಮೇಡಂ ಓಡಿ ಬಂದರು. "ಮೇಡಂ, ಇವನ್ ಗಂಟ್ಲು ಖತಂ. ಮಧುಗಿರಿಗೆ ಹೋಗೋಣ. ಈಗ್ಲೇ."

ಮೇಡಂ ನನ್ನ ಮುಖ ನೋಡಿದರು. ನಾನು ಏನೂ ಮಾಡಲಿಲ್ಲ. ಬಹುಶಃ ಅದಕ್ಕೇ ನಂಬಿದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಒಂಟೆ ಗೊಂಬೆಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

ಡಾಕ್ಟರು ಮೂಗಿನಲ್ಲಿ ಸಣ್ಣ ಕೊಳವೆ ಇಳಿಸಿ ಪರದೆ ಮೇಲೆ ತೋರಿಸಿದರು. ನನ್ನ ಐದು ಗೊಂಬೆಗಳ ಮನೆ. ದನಿ ಹೊರಡಿಸುವ ಎರಡು ಬಿಳಿ ಪಟ್ಟಿ, ಹಲಸಿನ ತೊಳೆಯ ಸಿಪ್ಪೆಯಷ್ಟು ತೆಳ್ಳಗೆ. ಒಂದು ಬೆಳ್ಳಗಿತ್ತು. ಇನ್ನೊಂದು ಅರ್ಧಕ್ಕರ್ಧ ಕೆಂಪು.

"ಒಳಗೆ ರಕ್ತನಾಳ ಒಡೆದಿದೆ. ಇನ್ನು ಮಾತಾಡೋ ಹಾಗಿಲ್ಲ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಕೆಮ್ಮು ಬಂದ್ರೆ ನೀರು ಕುಡಿ, ಕ್ಯಾಕರಿಸ್ಬೇಡ. ವಾರಗಟ್ಟಲೆ ಆಗುತ್ತೆ."

ಮೇಡಂ ಕೇಳಿದರು. "ಆಮೇಲೆ ಸರಿ ಹೋಗುತ್ತಲ್ಲಾ?"

"ಮಾಗುತ್ತೆ. ಹೆಂಗೆ ಮಾಗುತ್ತೆ ಅಂತ ಈಗ ಹೇಳಕ್ಕಾಗಲ್ಲ. ಮಾತಾಡಿದ್ರೆ ಏನಾಗುತ್ತೆ ಅಂತ ಮಾತ್ರ ಹೇಳ್ತೀನಿ. ಗಾಯ ಗಂಟು ಕಟ್ಟುತ್ತೆ." ಡಾಕ್ಟರು ಚಾಚಾ ಕಡೆ ಕೈ ತೋರಿಸಿದರು. "ಇವರ ಥರ."

ಚಾಚಾ ತಲೆಯಾಡಿಸಿದರು. ತಾವೇ ಆ ಊರಿನ ಮೈಲಿಗಲ್ಲು ಅನ್ನುವ ಹಾಗೆ.

ಉಳಿದದ್ದು ನಾಗಲಮಡಿಕೆಯ ಶಾಲೆಯ ಒಂದೇ ಶೋ. ಅದನ್ನು ನೋಡೋಕೆ ನಮಗೆ ದುಡ್ಡು, ವ್ಯಾನು ಕೊಟ್ಟವರು ಬರುವವರಿದ್ದರು. ನೋಡಿದ ಮೇಲೆ, ಕ್ರೊರೈನ ಬೇರೆ ತಾಲ್ಲೂಕುಗಳಿಗೆ ಹೋಗಬೇಕೋ ಬೇಡವೋ ಅನ್ನುವುದು ತೀರ್ಮಾನ. ಮುಂದೂಡೋಕೆ ಮೇಡಂ ಕೇಳಿದರು. ಆಗಲ್ಲ ಅಂದರಂತೆ.

ರಾಜ, ಅಧಿಕಾರಿ, ಭಿಕ್ಷು ಮೂರನ್ನೂ ಮೇಡಂ ವಹಿಸಿಕೊಂಡರು. ಕುರಿ ಹೆಂಗಸನ್ನು ಡಬ್ಬಕ್ಕೆ ಹಾಕಿದೆವು. ಒಂಟೆ? ಮೇಡಂ ಚಾಚಾ ಮುಖ ನೋಡಿದರು. "ನಾನಾ? ತೋಬಾ ತೋಬಾ," ಅಂದರು ಚಾಚಾ. ನಾನು ಟೈಪ್ ಮಾಡಿದೆ: ನಿಮ್ಮ ಗಂಟ್ಲು ವಾಪಸ್ ತಗೊಳ್ಳಿ. ಚಾಚಾ ಓದಿ, ನನ್ನ ತಲೆ ಮೇಲೊಂದು ಮೊಟಕಿ, ಒಪ್ಪಿದರು.

ನನ್ನ ಪಾಲಿಗೆ ಸದ್ದು. ಮೊದಲಿಂದಲೂ ಅದು ನನ್ನದೇ, ಬಾಯಿಯ ಅಬ್ಬರದಲ್ಲಿ ಯಾರೂ ಗಮನಿಸಿರಲಿಲ್ಲ ಅಷ್ಟೇ. ಒಂದು ಬಿದಿರಿನ ಮೊರದಲ್ಲಿ ಮರಳು ಮತ್ತು ಒಂದು ಹಿಡಿ ರಾಗಿ. ಮೈಕಿನ ಮುಂದೆ ಓರೆ ಮಾಡಿ ಆಡಿಸಿದರೆ ಮರುಭೂಮಿಯ ಗಾಳಿ. ಬರೀ ಮರಳಿಗೆ ಸದ್ದು ಸಾಲದು, ರಾಗಿ ಸೇರಿದರೇ ಅದಕ್ಕೆ ಉಸಿರು ಬರೋದು. ಕಡಲೆಕಾಯಿ ಸಿಪ್ಪೆ ತುಂಬಿದ ಎರಡು ಚೀಲ ಒತ್ತಿದರೆ ಒಂಟೆಯ ಹೆಜ್ಜೆ. ತಾಮ್ರದ ತಂಬಿಗೆಯಲ್ಲಿ ನೀರು ಕಲಕಿದರೆ ನದಿ.

ಶೋ ಶುರುವಾಗಿ ಸ್ವಲ್ಪ ಹೊತ್ತಿಗೇ ಮುಳುಗತೊಡಗಿತು. ಮೇಡಂ ದನಿಯ ರಾಜ, "ಈ ಪ್ರಶ್ನೆಗೆ ಮೂರು ಆಯಾಮಗಳಿವೆ" ಅಂದ. ಮಕ್ಕಳು ಆಕಳಿಸಿದವು. ತೆರಿಗೆ ಅಧಿಕಾರಿಯೂ ಅದೇ ದನಿ, ಭಿಕ್ಷುವೂ ಅದೇ ದನಿ. "ಅಂದರೂ ಒಕಟೇ ರಾ!" ಅಂತ ಒಬ್ಬ ಆ ಗಡಿ ಊರಿನ ತೆಲುಗಲ್ಲಿ ಕೂಗಿದ. ಎಲ್ಲರೂ ಒಬ್ಬರೇ ಅಂತ. ಪರದೆಯ ಸಂದಿಯಿಂದ ನೋಡಿದರೆ ವ್ಯಾನು ಕೊಟ್ಟವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಆಗ ಹಿಂದಿನ ಸಾಲಿನ ಒಬ್ಬಳು ಎದ್ದಳು. ಪ್ರತಿ ಶಾಲೆಯಲ್ಲೂ ಯಾರಾದರೂ ಒಬ್ಬರು ಕೇಳುತ್ತಿದ್ದ ಪ್ರಶ್ನೆಯೇ.

"ಒಂಟೆಯಣ್ಣಾ, ಅಂಥಾ ಊರು ಯಾಕೆ ಬಿಟ್ಟು ಹೋದ್ರಿ?"

ಇದಕ್ಕೆ ನಾನು ಯಾವತ್ತೂ ಸರಿಯಾದ ಉತ್ತರ ಕೊಟ್ಟವನಲ್ಲ. ನದಿ ದಿಕ್ಕು ಬದಲಿಸಿತು ಅಂತ ಕೆಲವರು, ವರ್ತಕರು ಬೇರೆ ದಾರಿ ಹಿಡಿದರು ಅಂತ ಕೆಲವರು, ಯುದ್ಧ ಅಂತ ಇನ್ನು ಕೆಲವರು. ಮೇಡಂ ಮೂರನ್ನೂ ಹೇಳು ಅನ್ನುತ್ತಿದ್ದರು. ನಾನು "ಮನೆ ಓನರ್ ಕಾಟ ಕಣಮ್ಮ" ಅಂತ ಏನೋ ಹೇಳಿ ನಗಿಸಿ ಜಾರಿಕೊಳ್ಳುತ್ತಿದ್ದೆ.

ಚಾಚಾ ಬಾಯಿ ತೆರೆದರು. ಏನೂ ಬರಲಿಲ್ಲ. ಇನ್ನೊಂದು ಸಲ ನೋಡಿದರು. ಗಂಟಲ ಮಣಿ ಮೇಲೆ ಕೆಳಗೆ ಆಡಿತು, ಅಷ್ಟೇ. ಪರದೆಯ ಆಚೆಯಿಂದ ಒಬ್ಬ ಕೂಗಿದ. "ಒಂಟೆಕಿ ಗೊಂತು ಪೋಯಿಂದಿ ರಾ!" ಒಂಟೆಗೆ ಗಂಟಲೇ ಹೋಯ್ತಂತೆ. ಹೋ ಅಂತ ನಗು.

ಚಾಚಾ ಮೈಕನ್ನು ನನ್ನ ಕಡೆ ಚಾಚಿದರು. ಕೊಡಬೇಕು ಅಂತ ಕೊಟ್ಟದ್ದಲ್ಲ, ತಮ್ಮಿಂದ ದೂರ ತಳ್ಳಿದ್ದು. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು. ನಾನು ಉಸಿರು ಎಳೆದುಕೊಂಡೆ. ಹೊಟ್ಟೆ ತುಂಬಿತು. ನಾಲಗೆ ತಾನಾಗಿ ಬುಡಕ್ಕೆ ಹೋಗಿ ಎಂಜಲು ನಿಲ್ಲಿಸಿಕೊಂಡಿತು. ಒಂದೇ ವಾಕ್ಯ. ಒಂದು ವಾಕ್ಯಕ್ಕೆ ಏನಾಗಿಬಿಡುತ್ತೆ? ಟೆಂಟು ಉಳಿಯುತ್ತೆ, ವ್ಯಾನು ಉಳಿಯುತ್ತೆ, ಮೇಡಂ ಊರು ಉಳಿಯುತ್ತೆ. ಮಕ್ಕಳು ಒಂಟೆಯನ್ನು ಅಣಕಿಸುತ್ತಿದ್ದವು. ಅಣಕಿಸೋನು ನಾನು, ಅಣಕಿಸಿಕೊಳ್ಳೋ ಕಡೆ ಕೂತು ಅಭ್ಯಾಸವೇ ಇಲ್ಲ.

ಡಾಕ್ಟರು ತೋರಿಸಿದ ಆ ಕೆಂಪು ನೆನಪಾಯಿತು. ಉಸಿರನ್ನು ಮೂಗಿನಿಂದ ಬಿಟ್ಟೆ. ಮೈಕು ಇಸಕೊಂಡು ನೆಲದ ಮೇಲಿಟ್ಟು, ಮೊರ ಕೈಗೆ ತಗೊಂಡೆ.

ಮೊದಲು ನೀರು. ತಂಬಿಗೆಯನ್ನು ಮೈಕಿನ ಹತ್ತಿರ ಹಿಡಿದು ಕಲಕಿದೆ. ಕಲಕುತ್ತಲೇ ಕೈಯನ್ನು ನಿಧಾನ ದೂರ ಒಯ್ದೆ. ನದಿ ದೂರವಾಯಿತು. ಚಾಚಾಗೆ ಕಣ್ಸನ್ನೆ ಮಾಡಿದೆ. ತಂಬಿಗೆ ಇಸಕೊಂಡು ಅವರು ಇನ್ನೂ ಹಿಂದಕ್ಕೆ ಹೋದರು. ನಾನು ಮೊರವನ್ನು ಓರೆ ಮಾಡಿದೆ. ರಾಗಿ ಮೊದಲು ಸರಿಯಿತು, ಹಿಂದೆಯೇ ಮರಳು. ಸರ್ ಅಂತ ಒಂದು ಸಲ, ವಾಪಸ್ಸು, ಮತ್ತೆ ಒಂದು ಸಲ. ನೀರು ಕೇಳಿಸದಷ್ಟು ದೂರ ಹೋಯಿತು. ಬರೀ ಮರಳು. ನಗು ನಿಂತಿದ್ದು ಯಾವಾಗಲೋ ಗೊತ್ತಾಗಲಿಲ್ಲ. ನಾನು ಆಡಿಸುತ್ತಲೇ ಇದ್ದೆ. ನಿಲ್ಲಿಸಿದರೆ ಮಾತಾಡಿಬಿಡುತ್ತೇನೆ ಅನ್ನುವ ಹೆದರಿಕೆ.

ಚಾಚಾ ನೆಲದ ಮೇಲೆ ಮಂಡಿಯೂರಿ ಮೈಕಿಗೆ ಬಾಗಿದರು. ದನಿ ಸಿಕ್ಕಿತ್ತು, ಚೂರುಪಾರು.

"ನೀರು ಎತ್ಲಾಗೋ ಹೋಯ್ತು ಬೇಟಾ. ನಾವೂ ಅತ್ಲಾಗೆ ಹೋದ್ವಿ. ಯಾವ ಕಡೆ ಅಂತ ಯಾರಿಗೂ ಗೊತ್ತಿಲ್ಲ."

ಚಪ್ಪಾಳೆ ಬರಲಿಲ್ಲ. ಪ್ರಶ್ನೆ ಕೇಳಿದವಳು "ಊಂ" ಅಂದು ಕೂತಳು. ವ್ಯಾನು ಕೊಟ್ಟವರು ಹೋಗುವಾಗ ಮೇಡಂಗೆ ಹೇಳಿದರಂತೆ. "ಮುಂದುವರಿಸಿ. ಒಂಟೆ ಬಹಳ ಚೆನ್ನಾಗಿದೆ. ಆ ರಾಜನ್ನ ಮಾತ್ರ ಬದಲಾಯಿಸ್ಬಿಡಿ." ಮೇಡಂ ನನಗೆ ಅದನ್ನು ಹೇಳಿ ನಕ್ಕರು. ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ನಗೋದೂ ಡಾಕ್ಟರು ಬೇಡ ಅಂದಿದ್ದರು.

ಆ ವಾರಗಳನ್ನು ಶಿರಾದಲ್ಲಿ ಚಾಚಾ ಮನೆಯಲ್ಲಿ ಕಳೆದೆ. ಮನೆಗೆ ಹೋದರೆ ಅಮ್ಮನ ಜೊತೆ ಮಾತಾಡದೆ ಇರೋಕಾಗಲ್ಲ. ಅವಳಿಗೆ ಹೇಳಲೂ ಇಲ್ಲ. ಹೇಳುವ ಧೈರ್ಯ ಇರಲಿಲ್ಲ ಅನ್ನುವುದೇ ಸರಿ. ಮೊದಲ ದಿನ ಅವಳ ಫೋನು ಬಂದಾಗ ಅದನ್ನು ಚಾಚಾ ಕೈಗೆ ಕೊಟ್ಟೆ. ಅವರು "ಹಲೋ" ಅಂದರು ಅಷ್ಟೇ.

"ಲೇ, ಸಾಕು ಬುಡ್ಲಾ ಆ ಚಾಚಾ ವೇಷ. ಉಂಡ್ಯಾ?"

ಚಾಚಾ ನನ್ನ ಮುಖ ನೋಡಿದರು. "ಉಂಡೆ," ಅಂದರು.

"ಏನ್ ಉಂಡೆ?"

"ಬಿರಿಯಾನಿ."

"ತಿನ್ನು ತಿನ್ನು, ಅಮ್ಮನ ಸೊಪ್ಪಿನ ಸಾರು ಮರ್ತ್‌ಬುಡು."

ಹಾಗೆ ಚಾಚಾ ಅವಳ ಮಗನಾದರು. ದಿನಾ ಬಯ್ಯಿಸಿಕೊಂಡರು. ಎಣ್ಣೆ ಸ್ನಾನ ಮಾಡು ಅಂತ, ಕೂದಲು ಕಟ್ ಮಾಡಿಸು ಅಂತ. ಅವರ ತಲೆಯಲ್ಲಿ ಕೂದಲೇ ಇಲ್ಲ. ನಾನು ಗೋಡೆಗೆ ಒರಗಿ ಸ್ಪೀಕರಿನಲ್ಲಿ ಕೇಳುತ್ತಿದ್ದೆ. ಚಾಚಾ ಹೆಂಡತಿ ಒಂದು ದಿನ ತಟ್ಟೆ ಇಡುತ್ತಾ ಅಂದರು. "ಇವ್ರು ಇಷ್ಟು ಮಾತಾಡಿದ್ದು ಮದುವೆ ಆದ್ಮೇಲೆ ಇದೇ ಮೊದ್ಲು."

ಮಾತಿಲ್ಲದ ಹಗಲು ಬಹಳ ಉದ್ದ. ತರಕಾರಿ ಗಾಡಿಯವನು ಕೂಗಿದರೆ ಗಂಟಲು ತಾನಾಗಿ ಬಿಗಿಯುತ್ತಿತ್ತು, ಅವನನ್ನು ಹಿಡಿಯೋಕೆ. ಬಿಡಿಸಿಕೊಂಡು ನೀರು ಕುಡಿಯುತ್ತಿದ್ದೆ. ತಲೆಯೊಳಗೆ ಕಂಡಕ್ಟರು ಇದ್ದ, ಮೇಡಂ ಇದ್ದರು, ಹೆಡ್‌ಮಾಸ್ಟರು ಕೆಮ್ಮುತ್ತಿದ್ದರು. ಇವರನ್ನೆಲ್ಲ ಪಕ್ಕಕ್ಕೆ ಸರಿಸಿ ನನ್ನ ದನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳೋಕೆ ನೋಡಿದೆ. ಬರಲಿಲ್ಲ. ಅದೊಂದನ್ನು ನಾನು ಯಾವತ್ತೂ ಪ್ರಾಕ್ಟೀಸ್ ಮಾಡಿರಲಿಲ್ಲ.

ಡಾಕ್ಟರು ಮತ್ತೆ ಕೊಳವೆ ಇಳಿಸಿದರು. ಕೆಂಪು ಹೋಗಿತ್ತು. ಅದಿದ್ದ ಜಾಗದಲ್ಲಿ ಹೊಲಿಗೆಯ ಹಾಗೆ ಒಂದು ಗೆರೆ.

"ಆ ಅನ್ನು. ಮೆತ್ತಗೆ."

"ಆ."

ತಗ್ಗಿನಲ್ಲಿತ್ತು. ನಡುವೆ ಎಲ್ಲೋ ಒಂದು ಸಣ್ಣ ಒರಟು. ಚಾಚಾದಲ್ಲ. ಕಂಡಕ್ಟರದಲ್ಲ. ನನಗೆ ಪರಿಚಯದ ಯಾರದ್ದೂ ಅಲ್ಲ.

"ದನಿ ಇದೆ," ಅಂದರು ಡಾಕ್ಟರು. "ಹಳೇದು ಬರುತ್ತೆ ಅಂತ ನಾನು ಹೇಳಲ್ಲ. ಮಿಮಿಕ್ರಿ ಗಿಮಿಕ್ರಿ ಸದ್ಯ ಯೋಚನೇನೂ ಮಾಡ್ಬೇಡ. ದಿನಕ್ಕೆ ನಾಲ್ಕು ಮಾತು ಆಡು."

ಹೊರಗೆ ಬಂದು ವ್ಯಾನಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದೆ. ಚಾಚಾ ಟೈರಿನ ಗಾಳಿ ನೋಡುವ ನೆಪದಲ್ಲಿ ಆ ಕಡೆ ಹೋದರು. ಮಿಷನ್ನಿನ ಸದ್ದು ಕೇಳಿಸಿತು.

"ಅಮ್ಮ," ಅಂದೆ.

ಮಿಷನ್ ನಿಂತಿತು. "ಯಾರಪ್ಪ?"

"ನಾನೇ ಕಣಮ್ಮ."

ಅವಳು ಯೋಚಿಸಿದಳು. ಸೋತು ಗೊತ್ತಿಲ್ಲದವಳು. ಆಮೇಲೆ ಕಿಲಕಿಲ ನಕ್ಕಳು.

"ಗೊತ್ತಾಯ್ತು ಬುಡಪ್ಪ! ಚಾಚಾ ಅಲ್ವಾ ನೀವು? ನಮ್ಮುಡುಗನ ಜೊತೆ ಇದ್ದೂ ಇದ್ದೂ ನೀವೂ ಮಿಮಿಕ್ರಿ ಸುರು ಅಚ್ಕಂಡ್ರಾ? ಪಾಪ, ಚೆನ್ನಾಗಿ ಮಾಡ್ತೀರ. ಆದ್ರೆ ಹೋಲಲ್ಲ ಕಣಪ್ಪ. ನಮ್ಮುಡುಗನ ದನಿ ಇಂಗಿಲ್ಲ. ಅವನತ್ರಾನೇ ಕೂತು ಸರಿಯಾಗಿ ಕಲ್ತ್ಕಳಿ."

ಡಾಕ್ಟರು ಕೊಟ್ಟ ನಾಲ್ಕರಲ್ಲಿ ಇನ್ನು ಎರಡು ಮಾತು ಬಾಕಿ ಇತ್ತು.

"ಆಯ್ತಮ್ಮ. ಕಲ್ತ್ಕತೀನಿ."